ನೀರಲ್ಲಿ ನಿಂತ ಬರಮ

ಹೊಳೆಗೆ ಸೇತುವೆ ಇರಲಿಲ್ಲ, ಸಂತೆಗೆ ಚಪ್ಪರ ಇರಲಿಲ್ಲ, ಅಂಥ ಕಾಲ. ಹೊಳೆಯ ಈಚೆ ದಂಡೆಗೆ ನಮ್ಮ ಗಡ್ಡಿಕೇರಿ, ಆಚೆ ದಂಡೆಗೆ ಮಳಲೂರು. ಗಡ್ಡಿಕೇರಿಯಲ್ಲಿ ಬರಮ ಅಂತ ಒಬ್ಬ ಅಂಬಿಗರ ಹುಡುಗ ಇದ್ದ. ಅವನು ಈಜುತ್ತಿರಲಿಲ್ಲವಂತೆ, ಹೊಳೆಯೇ ಅವನನ್ನು ಎತ್ತಿಕೊಂಡು ಹೋಗುತ್ತಿತ್ತಂತೆ. ಮೀನುಗಳು ಅತ್ತಿತ್ತ ಸರಿದು ದಾರಿ ಬಿಡುತ್ತಿದ್ದವಂತೆ. ಹಿರಿಯರು ಹಾಗಂತ ಹೇಳುತ್ತಾರೆ. ನಾನು ವ್ಯಾಪಾರಸ್ಥ, ಕೇಳಿದ ಮಾತಿನಲ್ಲಿ ಅರ್ಧ ಜೊಳ್ಳು ಅಂತ ತೂರಿಯೇ ಒಳಗೆ ಹಾಕಿಕೊಳ್ಳುವವನು. ತೂರಿದ ಮೇಲೂ ಬರಮನ ಕಥೆಯಲ್ಲಿ ಕಾಳು ಬಹಳ ಉಳಿಯುತ್ತದೆ. ಅದಕ್ಕೇ ಹೇಳುತ್ತಿದ್ದೇನೆ, ಕೇಳಿರಿ.

ಆಗ ಎರಡೂರಿಗೆ ಸೇರಿ ಒಂದೇ ಸಂತೆ. ಅದು ಯಾವ ದಂಡೆಗೆ ಕೂಡಬೇಕು ಅನ್ನುವುದನ್ನು ಈಜುಗಾರರು ತೀರ್ಮಾನಿಸುತ್ತಿದ್ದರು. ಮಳೆಗಾಲದ ಮೊದಲ ಕೆಂಪು ನೀರು ಬಂದ ದಿನ ಈ ದಂಡೆಯಿಂದ ಒಬ್ಬ, ಆ ದಂಡೆಯಿಂದ ಒಬ್ಬ ಹೊಳೆಗೆ ಹಾರಬೇಕು. ಯಾರು ಮೊದಲು ಎದುರು ದಂಡೆಯ ಒಣ ನೆಲ ಮೆಟ್ಟುತ್ತಾನೋ ಅವನ ಊರಿಗೆ ಆ ವರ್ಷದ ಸಂತೆ. ಹೊಳೆ ಅಗಲ, ಈ ದಂಡೆಯವರಿಗೆ ಆ ದಂಡೆ ಮೆಟ್ಟಿದವನ ಕಾಲು ಕಾಣುವುದಿಲ್ಲ. ಅದಕ್ಕೆ ಎರಡೂ ಕಡೆ ತಮಟೆಯಂಥ ಹಲಗೆ ಬಾರಿಸುವ ಒಬ್ಬೊಬ್ಬ ಹಲಗೆಯವನನ್ನು ನಿಲ್ಲಿಸುತ್ತಿದ್ದರು. ಬಂದವನ ಕಾಲು ನೆಲಕ್ಕೆ ತಾಗಿದ ಕೂಡಲೇ ಹಲಗೆ ಬಡಿಯಬೇಕು. ಮೊದಲು ಎಲ್ಲಿಯ ಹಲಗೆ ಕೇಳುತ್ತದೋ ಅದೇ ಕಡೇ ಮಾತು.

ಇನ್ನೊಂದು ಕಟ್ಟಳೆ ಇತ್ತು. ಯುಗಾದಿಗೆ ಊರವರು ಈಜುಗಾರನಿಗೆ ವೀಳ್ಯ ಕೊಡುತ್ತಿದ್ದರು. ವೀಳ್ಯ ಹಿಡಿದವನು ಅಂದಿನಿಂದ ಕೆಂಪು ನೀರು ಬರುವ ತನಕ ಎದುರು ದಂಡೆಯ ಒಣ ನೆಲಕ್ಕೆ ಕಾಲು ತಾಗಿಸುವ ಹಾಗಿಲ್ಲ. ತಾಗಿಸಿದರೆ ವೀಳ್ಯ ಬಿದ್ದಂತೆ, ಊರಿಗೆ ಆ ವರ್ಷ ಈಜುಗಾರನೇ ಇಲ್ಲ. ಮೊದಲೇ ಮೆಟ್ಟಿ ಬಂದ ನೆಲವನ್ನು ಮತ್ತೇನು ಗೆಲ್ಲುತ್ತೀ ಅಂತ ಲೆಕ್ಕ.

ಸಂತೆ ಬಹಳ ವರ್ಷಗಳಿಂದ ಮಳಲೂರಿನಲ್ಲೇ ಕೂತುಬಿಟ್ಟಿತ್ತು. ಅಲ್ಲಿಯ ಮಲಕಾರಿ ಅನ್ನುವ ಈಜುಗಾರ ಅಷ್ಟು ಗಟ್ಟಿ. ನಮ್ಮ ಮನೆತನದವರು ಬೆಲ್ಲದ ಪೆಂಟೆ ಹರಗೋಲಿನಲ್ಲಿ ಹೇರಿಕೊಂಡು ಹೋಗಿ ಮಾರಬೇಕಾಗಿತ್ತು. ಹೊಳೆಯ ಗಾಳಿಗೆ ಅರ್ಧ ಬೆಲ್ಲ ಬೆವರಿ ಅಂಟಾಗುತ್ತಿತ್ತಂತೆ. ಬರಮನ ಅಪ್ಪ ಒಂದು ಕಾಲಕ್ಕೆ ವೀಳ್ಯ ಹಿಡಿದು ಮಲಕಾರಿಯ ಕೈಲಿ ಸೋತಿದ್ದ. ಸೋತ ಮೇಲೆ ಆ ಮನುಷ್ಯ ಸಂತೆಯ ಮುಖ ನೋಡಲಿಲ್ಲ. ಸಂತೆ ನಮ್ಮ ದಂಡೆಗೆ ಬರಲಿ, ಆಮೇಲೆ ಹೋಗುತ್ತೇನೆ ಅನ್ನುತ್ತಾ ಅನ್ನುತ್ತಾ ತೀರಿಕೊಂಡ. ಆ ಯುಗಾದಿಗೆ ಮಗ ಹೋಗಿ ವೀಳ್ಯಕ್ಕೆ ಕೈ ಒಡ್ಡಿದ. ಊರೆಲ್ಲ ಮನೆಗೊಂದು ಗಿಂಡಿ ಹಾಲು ಕೊಟ್ಟು ಅವನನ್ನು ಸಾಕಿತು.

ಬರಮ ದಿನಾ ಮಧ್ಯಾಹ್ನ ಈಜಿ ಆಚೆ ದಂಡೆಯ ತನಕ ಹೋಗಿ, ಒಣ ನೆಲ ಮುಟ್ಟದೆ ತಿರುಗಿ ಬರುತ್ತಿದ್ದ. ಆ ದಂಡೆಯ ಅಂಚಿನಲ್ಲಿ ತಿಪ್ಪಣ್ಣ ಅನ್ನುವವನ ಸೌತೆ ತೋಟ. ಅವನ ಮಗಳು ಸಾಂವಕ್ಕ ಕೊಡದಲ್ಲಿ ನೀರು ಹೊತ್ತು ಬಳ್ಳಿಗೆ ಹಾಕುತ್ತಿದ್ದಳು. ಒಂದು ದಿನ ಇವನು ನಡುಮಟ್ಟದ ನೀರಲ್ಲಿ ದಣಿವಾರಿಸಿಕೊಳ್ಳುತ್ತಾ ನಿಂತಿದ್ದ. ಅವಳು ನೋಡಿ, "ಏನೋ ಎಮ್ಮಿ, ಮ್ಯಾಲೆ ಬರಾಕ ದಾರಿ ಕಾಣವಲ್ದೇನು?" ಅಂದಳಂತೆ. ವೀಳ್ಯ ಹಿಡಿದೀನಿ ಅಂತ ಇವನು ಹೇಳಿದ. "ಹಂಗಾರ ಅಲ್ಲೇ ತಿನ್ನು," ಅಂತ ಒಂದು ಎಳೆ ಸೌತೆಕಾಯಿ ಎಸೆದಳಂತೆ. ಅದು ಅವನ ಹಣೆಗೆ ಬಡಿಯಿತು ಅಂತ ನಮ್ಮವರು ಹೇಳುತ್ತಾರೆ, ಬಾಯಿಗೇ ಬಿತ್ತು ಅಂತ ಮಳಲೂರಿನವರು.

ಅಲ್ಲಿಂದ ಸುರುವಾಯಿತು. ಅವನು ನೀರಲ್ಲಿ, ಅವಳು ಬದುವಿನ ಮೇಲೆ. ಬಿಸಿಲು ಇಳಿಯುವ ತನಕ ಮಾತು. ಬೇಸಿಗೆಯೆಲ್ಲ ಅವನು ಆ ತೋಟವನ್ನು ಕೆಳಗಿನಿಂದ ನೋಡಿ ನೋಡಿ ಬದು ಎಲ್ಲಿ ಏರುತ್ತದೆ, ಕಾಲುವೆ ಎಲ್ಲಿ ಬೀಳುತ್ತದೆ, ನೀರು ಎಲ್ಲಿ ತಿರುಗಿ ದಂಡೆಗೆ ತಳ್ಳುತ್ತದೆ ಎಲ್ಲಾ ಕಣ್ಣಲ್ಲೇ ಬರೆದುಕೊಂಡ. ನೋಡಿದ್ದು ತೋಟವನ್ನಲ್ಲ ಅನ್ನುತ್ತೀರಿ. ಇರಬಹುದು. ಆದರೆ ಕಂಡದ್ದು ಕಂಡಿತು.

ಕಾರಹುಣ್ಣಿಮೆ ಹತ್ತಿರ ಬಂತು. ತಿಪ್ಪಣ್ಣನಿಗೆ ಸುದ್ದಿ ತಿಳಿಯಿತು. ಸೋದರಳಿಯನ ಮನೆಯಿಂದ ಸಾಂವಕ್ಕನನ್ನು ಕೇಳುತ್ತಿದ್ದರು. ಆದರೂ ಒಳ್ಳೆಯ ಮನುಷ್ಯ, ಮಗಳ ಮನಸ್ಸು ನೋಡಿ ಬರಮನಿಗೆ ಒಂದು ದಾರಿ ಬಿಟ್ಟ. ಕೆಂಪು ನೀರು ಬರುವುದಕ್ಕೆ ಮುಂಚೆ ಬಂದು, ನಮ್ಮ ಕಂಬಳಿಯ ಮೇಲೆ ಕೂತು ಹೆಣ್ಣು ಕೇಳಲಿ, ಕೊಡುತ್ತೇನೆ ಅಂದ. ಬರಮ ನೀರಿನಿಂದಲೇ ಕೈಮುಗಿದ. ನೀವೇ ಒಂದೆರಡು ಹೆಜ್ಜೆ ಇಳಿದು ಬನ್ನಿರಿ, ಇಲ್ಲಿಂದಲೇ ಕೇಳುತ್ತೇನೆ ಅಂದ.

ತಿಪ್ಪಣ್ಣನಿಗೆ ಸಿಟ್ಟು ಬಂತು. "ತಮ್ಮಾ, ಹೆಣ್ಣು ಕೇಳಾವ ಕಂಬಳಿ ಮ್ಯಾಲೆ ಕುಂತು ಕೇಳಬೇಕು. ನೀರಾಗ ನಿಂತು ಕೇಳಾಕ ಇದೇನು ಮೀನಿನ ಯಾಪಾರ ಏನು?"

ದಂಡೆ ಹತ್ತಿದರೆ ವೀಳ್ಯ ಬಿತ್ತು, ಅಪ್ಪನ ಮಾತು ಬಿತ್ತು, ಊರಿನ ಹಾಲು ಹೊಳೆಗೆ ಹೋಯಿತು. ಹತ್ತದಿದ್ದರೆ ಹುಡುಗಿ ಹೋದಳು. ಕೆಂಪು ನೀರಿನ ದಿನ ಗೆದ್ದು ಬಂದು ಕೇಳೋಣವೆಂದರೆ, ಸಂತೆ ಕಿತ್ತುಕೊಂಡವನಿಗೆ ಮಳಲೂರಿನಲ್ಲಿ ಯಾರು ಹೆಣ್ಣು ಕೊಟ್ಟಾರು? ಬರಮ ನೀರಲ್ಲೇ ನಿಂತ. ಸಾಂವಕ್ಕ ಕೊಡ ಕೆಳಗಿಟ್ಟು ಒಂದೇ ಮಾತು ಹೇಳಿದಳಂತೆ.

"ಹೊಳಿ ದೊಡ್ಡದೋ ನಾ ದೊಡ್ಡಾಕಿಯೋ ಅಂತ ನಾ ಕೇಳಂಗಿಲ್ಲ. ಆದರ ದಂಡಿಗೆ ಬರದಾವನ ಮನಿಗೆ ನಾ ಹ್ಯಾಂಗ ಬರ್ಲಿ?"

ಮರುದಿನದಿಂದ ಬದುವಿನ ಮೇಲೆ ಅವಳು ಕಾಣಲಿಲ್ಲ. ಬರಮ ಮಾತ್ರ ದಿನಾ ಹೋದ, ದಿನಾ ನಿಂತ, ದಿನಾ ತಿರುಗಿ ಬಂದ. ಮನೆಗಳಿಂದ ಬಂದ ಹಾಲು ಗಿಂಡಿಯಲ್ಲೇ ಕೆನೆಗಟ್ಟುತ್ತಿತ್ತು. ಅವನ ಅವ್ವ ಅದನ್ನು ಸುಮ್ಮನೆ ಹೆಪ್ಪು ಹಾಕುತ್ತಿದ್ದಳು.

ಕೆಂಪು ನೀರು ಬಂತು. ಮುಳ್ಳುಕಂಟಿ, ಬೇಲಿ, ಯಾರದೋ ಬಣವೆಯ ತುದಿ ಎಲ್ಲವನ್ನೂ ಹೊತ್ತುಕೊಂಡು ಬಂತು. ಎರಡೂ ದಂಡೆಗೆ ಜನ ಸೇರಿತು. ಈಚೆಯಿಂದ ಬರಮ ಹಾರಿದ, ಆಚೆಯಿಂದ ಮಲಕಾರಿ ಹಾರಿದ. ಮಲಕಾರಿ ತೋಳಿನಲ್ಲಿ ಬಲಶಾಲಿ, ಆದರೆ ನಮ್ಮ ದಂಡೆಯ ನೀರಿನ ಸುಳಿ ಅವನಿಗೆ ಗೊತ್ತಿರಲಿಲ್ಲ, ಎದುರು ದಂಡೆಯ ಹತ್ತಿರ ಯಾವ ಈಜುಗಾರನೂ ಹೆಚ್ಚು ಹೊತ್ತು ನಿಲ್ಲುತ್ತಿರಲಿಲ್ಲ. ಬರಮನಿಗೆ ಗೊತ್ತಿತ್ತು. ತಿಪ್ಪಣ್ಣನ ತೋಟ ಮುಳುಗಿತ್ತು, ಆದರೆ ಬದು ಎಲ್ಲಿದೆ, ಅದಕ್ಕೆ ಬಡಿದು ನೀರು ಎತ್ತ ತಿರುಗುತ್ತದೆ ಅವನಿಗೆ ಕಾಲಿಗೇ ತಿಳಿಯುತ್ತಿತ್ತು. ಮಲಕಾರಿ ಇನ್ನೂ ನಡುಹೊಳೆ ದಾಟಿ ಒದ್ದಾಡುತ್ತಿರುವಾಗ ಬರಮ ಮಳಲೂರಿನ ದಂಡೆ ಮುಟ್ಟಿದ.

ಮುಟ್ಟಿದ, ಆದರೆ ಮೆಟ್ಟಲಿಲ್ಲ.

ಮುಳುಗಿದ ಬದುವಿನ ಮೇಲೆ ನಡುಮಟ್ಟದ ನೀರಲ್ಲಿ ಎದ್ದು ನಿಂತುಬಿಟ್ಟ. ಬೇಸಿಗೆಯೆಲ್ಲ ನಿಂತ ಹಾಗೆ. ಎದುರಿಗೆ ಒಣ ನೆಲ, ಕೈ ಚಾಚಿದರೆ ಸಿಗುವಷ್ಟು. ಹಲಗೆಯವನು ಕೋಲು ಎತ್ತಿ ಹಿಡಿದು ಕಾದ. ಬರಮ ಜನದೊಳಗೆ ಸಾಂವಕ್ಕನನ್ನು ಹುಡುಕಿ ನೋಡಿ, "ನೀ ಕರದರ ಬರ್ತೀನಿ," ಅಂದ.

ಅಲ್ಲಿ ಸೇರಿದ್ದೆಲ್ಲ ಮಳಲೂರಿನ ಜನ, ಅವಳ ಜನ. ಕರೆಯಬ್ಯಾಡ ಅಂತ ಒಬ್ಬಳು ಸೆರಗು ಜಗ್ಗಿದಳು. ಸಂತೆ ಹೋಗ್ತೈತಿ ನೋಡವ್ವಾ ಅಂತ ಇನ್ನೊಬ್ಬಳು ಅತ್ತಳು. ನೀರು ಬರಮನನ್ನು ಜಗ್ಗುತ್ತಲೇ ಇತ್ತು, ಅವನು ಕಾಲೂರಿ ನಿಂತೇ ಇದ್ದ. ಸಾಂವಕ್ಕ ಅಪ್ಪನ ಮುಖ ನೋಡಿದಳು. ತಿಪ್ಪಣ್ಣ ಮಗಳಿಗೆ ದಾರಿ ಬಿಟ್ಟು ಪಕ್ಕಕ್ಕೆ ಸರಿದ. ಅವಳು ಸೀರೆ ಎತ್ತಿ ಕಟ್ಟಿ ಕೆಂಪು ನೀರಿಗೆ ಇಳಿದಳು.

"ಎಷ್ಟೊತ್ತು ನಿಂದರ್ತಿ? ಕಾಲು ನೆನದು ಬೆಂಡಾಗ್ಯಾವ. ನಡಿ," ಅಂದಳು. ಕೈ ಹಿಡಿದು ಎಳೆದಳು. ಬರಮ ದಂಡೆ ಹತ್ತಿದ.

ಹಲಗೆಯವನು ಕೋಲು ಎತ್ತಿದವನು ಎತ್ತಿದ ಹಾಗೇ ನಿಂತಿದ್ದ. ಬಾಯಿ ತೆರೆದುಕೊಂಡು ಇವರಿಬ್ಬರನ್ನೇ ನೋಡುತ್ತಾ ಬಡಿಯುವುದನ್ನೇ ಮರೆತ. ಅಷ್ಟರಲ್ಲಿ ಮಲಕಾರಿ ಏದುಸಿರು ಬಿಡುತ್ತಾ ನಮ್ಮ ದಂಡೆ ಹತ್ತಿದ, ನಮ್ಮ ಹಲಗೆ ಕೇಳಿಸಿತು. ಹಲಗೆಯ ಲೆಕ್ಕದಲ್ಲಿ ಸಂತೆ ಮತ್ತೆ ಮಳಲೂರಿಗೇ ಹೋಯಿತು.

ಗಡ್ಡಿಕೇರಿಯವರು ಬರಮನನ್ನು ಬೈದ ಬೈಗುಳ ಕೇಳಬೇಕು. ನಮ್ಮ ಮನೆತನದವರೇ ಮುಂದಿದ್ದರು, ಮುಚ್ಚಿಡುವುದೇಕೆ. ಊರ ಹಾಲು ಕುಡಿದು ಹೆಣ್ಣಿನ ಮುಂದೆ ನಿಂತ ಅಂದರು. ಅವನ ಅವ್ವ ಮಾತ್ರ, ನನ್ನ ಗಂಡ ಸಂತೆ ನೋಡಲಿಲ್ಲ, ಮಗ ನನಗೊಬ್ಬ ಸೊಸೆಯನ್ನಾದರೂ ತಂದ ಅಂದಳಂತೆ.

ಮುಂದಿನ ಸಂತೆಯ ದಿನ ಒಂದು ಸಂಗತಿ ನಡೆಯಿತು. ಮಗಳನ್ನು ಬರಮನಿಗೆ ಒಪ್ಪಿಸಿದ್ದ ತಿಪ್ಪಣ್ಣ ಈರುಳ್ಳಿ ಬುಟ್ಟಿ ಹರಗೋಲಿಗೆ ಹಾಕಿಕೊಂಡು ಈಚೆ ದಂಡೆಗೆ ಬಂದ. ಬರಿ ನೆಲದ ಮೇಲೆ ಗೋಣಿತಟ್ಟು ಹಾಸಿ ಒಬ್ಬನೇ ಕೂತ. ಸಂತೆ ಅತ್ತ ಐತಿ, ಬೀಗ್ರ, ದಾರಿ ತಪ್ಪಿದಿರೇನು ಅಂತ ನಮ್ಮವರು ನಕ್ಕರು. ಅವನು ತಕ್ಕಡಿ ಸರಿಮಾಡುತ್ತಾ ಹೇಳಿದ: "ಆ ಹುಡುಗ ಮೊದಲು ಮೆಟ್ಟಿದ್ದು ನಮ್ಮೂರ ಮಂದಿಯೆಲ್ಲ ಕಣ್ಣಾರೆ ನೋಡೀವಿ. ನೋಡಿದ್ದನ್ನ ನುಂಗಿಕೊಂಡು ಕುಂತರ ತಕ್ಕಡಿ ಹ್ಯಾಂಗ ಹಿಡೀಲಿ?"

ಮುಂದಿನ ವಾರ ಅವನ ಪಕ್ಕಕ್ಕೆ ಇನ್ನಿಬ್ಬರು ಕೂತರು. ಆಮೇಲೆ ಒಂದು ಸಾಲಾಯಿತು. ಕೊನೆಗೆ ಎರಡೂರ ಹಿರಿಯರು ಕೂತು ಒಂದು ವಾರ ಆ ದಂಡೆ, ಒಂದು ವಾರ ಈ ದಂಡೆ ಅಂತ ಮಾತಾಡಿಕೊಂಡರು. ವ್ಯಾಪಾರಸ್ಥರು ಮೊದಲು ಗೊಣಗಿದರು, ಆಮೇಲೆ ಎರಡೂರ ಗಿರಾಕಿ ಕೈಗೆ ಹತ್ತಿದ್ದು ನೋಡಿ ಸುಮ್ಮನಾದರು. ಅಲ್ಲಿಗೆ ವೀಳ್ಯ ಕೊಡುವುದು ನಿಂತಿತು. ಕೊಡುವುದಕ್ಕೆ ಕಾರಣವೇ ಉಳಿಯಲಿಲ್ಲ. ಹೊಳೆಯಲ್ಲಿ ಹುಟ್ಟಿದ ಅಂಥ ಈಜು ಅವನೊಂದಿಗೇ ಮುಗಿಯಿತು ಅನ್ನುತ್ತಾರೆ.

ಬರಮ ಆಮೇಲೆ ಹರಗೋಲು ಹಾಕಿ ಸಂತೆಯವರನ್ನು ಆ ದಂಡೆಗೂ ಈ ದಂಡೆಗೂ ದಾಟಿಸುತ್ತಾ ಬಾಳಿದ. ಮುದುಕನಾದ ಮೇಲೂ ಜನ ಕೇಳುತ್ತಿದ್ದರಂತೆ: ಅವತ್ತು ಬೇಕಂತ ನಿಂತೆಯೋ, ಬೇಸಿಗೆಯ ರೂಢಿಗೆ ಕಾಲು ತಾನೇ ನಿಂತವೋ? "ನೀರು ತಂಪಿತ್ತು, ನಿಂತೆ," ಅನ್ನುತ್ತಿದ್ದನಂತೆ. ಪಕ್ಕದಲ್ಲಿ ಸಾಂವಕ್ಕ ಹುಟ್ಟು ಹಿಡಿದು ಬೇರೆ ಕಡೆ ನೋಡುತ್ತಿದ್ದಳಂತೆ.

ಈಗ ಮೇಲೆಲ್ಲೋ ಅಣೆಕಟ್ಟೆ ಆಗಿದೆ. ನೀರು ಮೊದಲಿನ ಹಾಗೆ ಕೆಂಪಾಗಿ ಹೇಳದೆ ಕೇಳದೆ ಬರುವುದಿಲ್ಲ. ಸೇತುವೆ ಆಗಿದೆ, ಸಂತೆಗೆ ತಗಡಿನ ಶೆಡ್ಡು ಆಗಿದೆ, ಬೆಲ್ಲ ಬೆವರದೆ ಲಾರಿಯಲ್ಲಿ ಬರುತ್ತದೆ. ನನಗೆ ಅದರಿಂದ ಲಾಭವೇ, ಸುಳ್ಳು ಹೇಳಲಾರೆ. ಆದರೂ ಮಳೆಗಾಲದ ಸುರುವಿಗೆ ಅಂಗಡಿ ಬಾಗಿಲಲ್ಲಿ ನಿಂತು ಹೊಳೆಯ ಕಡೆ ಒಮ್ಮೆ ನೋಡುತ್ತೇನೆ, ಬಣ್ಣ ತಿರುಗಿತೇನೋ ಅಂತ.

ಒಂದು ಮಾತ್ರ ಉಳಿದಿದೆ. ಗಡ್ಡಿಕೇರಿಯ ಗಂಡು ಮಳಲೂರಿನ ಹೆಣ್ಣನ್ನು ತರಲಿ, ಮಳಲೂರಿನ ಗಂಡು ಗಡ್ಡಿಕೇರಿಯ ಹೆಣ್ಣನ್ನು ತರಲಿ, ದಿಬ್ಬಣದ ಬಸ್ಸು ಸೇತುವೆ ದಾಟಿದ ಕೂಡಲೇ ನಿಲ್ಲುತ್ತದೆ. ಮದುಮಗ ಬೂಟು ಬಿಚ್ಚಿ, ಪ್ಯಾಂಟು ಮೊಣಕಾಲ ತನಕ ಮಡಚಿ, ಹೊಳೆಗೆ ಇಳಿದು ನಿಲ್ಲುತ್ತಾನೆ. ಹಲಗೆಯವನೂ ಬಂದಿರುತ್ತಾನೆ, ಕೋಲು ಎತ್ತಿ ಹಿಡಿಯುತ್ತಾನೆ, ಬಡಿಯುವುದಿಲ್ಲ. ಮದುಮಗಳು ಬಂದು ಕೈ ಹಿಡಿದು ಎಳೆಯುವ ತನಕ ಯಾರೂ ಏನೂ ಅನ್ನುವ ಹಾಗಿಲ್ಲ. ಕೆಲವು ಹುಡುಗಿಯರು ಬೇಕಂತಲೇ ತಡಮಾಡುತ್ತಾರೆ. ಹುಡುಗ ನಿಂತೇ ಇರುತ್ತಾನೆ.