ಜೊಂಡಿನ ತುದಿ

ಹಿತ್ತಲ ಕೊಳದ ಅಂಚಿನಲ್ಲಿದ್ದ ಒಂದೇ ಜೊಂಡಿನ ತುದಿಗೆ ಏರೋಪ್ಲೇನ್ ಚಿಟ್ಟೆಯೊಂದು ದಿನವೂ ಬಂದು ಕೂರುತ್ತಿತ್ತು. ಎರಡು ದಿನದ ಹಿಂದೆ ಕಾಣೆಯಾದ ಅದರ ಸಂಗಾತಿ ಕೂರುತ್ತಿದ್ದುದೂ ಅಲ್ಲೇ. ತಾವರೆ, ಕೆಸು, ನೀರ ಮೇಲೆ ಓಡುವ ಹುಳು, ಯಾವುದರ ಕಡೆಗೂ ಅದಕ್ಕೆ ಮನಸ್ಸಿರಲಿಲ್ಲ. ಕೊಳ ಸುತ್ತಿ ಮತ್ತೆ ಅದೇ ತುದಿಗೆ ಬರುತ್ತಿತ್ತು.

ಆ ಬೆಳಿಗ್ಗೆ ಮೊದಲ ಸುತ್ತು ಮುಗಿಸಿ ಬಂದಾಗ ಜೊಂಡಿನ ಬುಡದಲ್ಲಿ ಓತಿಕ್ಯಾತವಿತ್ತು. ಎರಡನೆಯ ಸುತ್ತಿಗೆ ಅದು ನಡುವಿಗೆ ಏರಿತ್ತು. ಮೂರನೆಯ ಸುತ್ತಿಗೆ ತುದಿಗೆ ಒಂದೇ ಗೇಣು ಉಳಿದಿತ್ತು.

"ಯಾಕಮ್ಮ ಗಾಳಿಯಲ್ಲೇ ನಿಂತೆ? ಕೂತುಕೋ. ನಿನ್ನ ಜಾಗ ನಿನಗೇ ಇದೆ," ಎಂದಿತು ಓತಿಕ್ಯಾತ.

"ನೀವು ಬೇಟೆಗೆ ಬಂದಿದ್ದೀರಿ."

"ಬೇಟೆ ಎಂದರೆ ಓಡಾಡಬೇಕು ತಾಯಿ. ನಾನು ಸುಮ್ಮನೆ ಕೂತಿರುತ್ತೇನೆ. ನಿನ್ನವನೂ ಒಂದು ಸುತ್ತು ತಪ್ಪಿಸದೆ ಇಲ್ಲಿಗೇ ಬರುತ್ತಿದ್ದ."

ಚಿಟ್ಟೆಯ ರೆಕ್ಕೆ ಒಂದು ಕ್ಷಣ ತಡವರಿಸಿತು. ಕಾಲು ಜೊಂಡಿಗೆ ತಾಗುವಷ್ಟರಲ್ಲಿ ಅದು ಸರಕ್ಕನೆ ತಿರುಗಿ, ಆಚೆ ದಡದ ಕೆಸುವಿನ ಎಲೆಯ ಮೇಲೆ ಹೋಗಿ ಕೂತುಕೊಂಡಿತು. ಅಲ್ಲಿಂದ ಮೊದಲ ಸಲ ಇಡೀ ಕೊಳ ಕಂಡಿತು. ತಾವರೆ ಅರಳಿತ್ತು. ಜೊಂಡಿನ ಹಿಂದಿನ ಬೇಲಿಯಲ್ಲಿ ಕೆಂಬೂತವೊಂದು ಅಲುಗಾಡದೆ ಕೂತಿತ್ತು. ಅದರ ಕೆಂಪು ಕಣ್ಣು ಓತಿಕ್ಯಾತದ ಮೇಲೇ ಇತ್ತು.

ಚಿಟ್ಟೆ ಸುಮ್ಮನಿರಬಹುದಿತ್ತು. ಆದರೂ ಕೂಗಿ ಹೇಳಿತು: "ಅಲ್ಲಿಂದ ಇಳಿಯಿರಿ. ನಿಮ್ಮನ್ನೂ ಒಬ್ಬರು ಕಾಯುತ್ತಿದ್ದಾರೆ."

ಓತಿಕ್ಯಾತ ನಕ್ಕಿತು. "ನನ್ನನ್ನು ಎಬ್ಬಿಸುವ ಉಪಾಯವೋ? ಈ ಜಾಗ ನನಗೆ ಒಮ್ಮೆಯೂ ಮೋಸ ಮಾಡಿಲ್ಲ," ಎಂದು ಉಳಿದಿದ್ದ ಗೇಣನ್ನೂ ಏರಿ, ತುದಿಯಲ್ಲಿ ನೆಮ್ಮದಿಯಾಗಿ ಕೂತಿತು.