ಅಂತರಪಟದ ಹಿಂದಿನ ವೀಣೆ

ಮೈಸೂರಿನ ನಿವೃತ್ತ ಇಂಜಿನಿಯರ್ ಶ್ರೀಕಂಠರಾಯರ ಕಿವಿ ಸಾಮಾನ್ಯದ್ದಲ್ಲ. ಹಾಗಂತ ರಾಯರೇ ಹೇಳುತ್ತಿದ್ದರು.

ಒಂದು ಭಾನುವಾರ ಅಂಗಡಿಯವನು ಹೊಸ ಸ್ಪೀಕರ್ ಜೋಡಿ ತಂದು, ಕೇಳಿ ನೋಡಿ ಅಂತ ಹಳೆಯದರ ಪಕ್ಕ ಇಟ್ಟ. ಬೆಲೆ ಕೇಳಿದ ವಿಶಾಲಾಕ್ಷಮ್ಮ ಗಂಡನಿಗೆ, "ಮೊದಲು ಅಡುಗೆಮನೆ ಸೂರು ರಿಪೇರಿಯಾಗಲಿ" ಅಂದರು.

ರಾಯರು ಅಡುಗೆಯವನನ್ನು ಕರೆದರು. "ಹೊಸದೇ ಮೇಲು ಅಂತ ಅಮ್ಮನಿಗೆ ಹೇಳಯ್ಯ. ಹೇಳದಿದ್ದರೆ ನಿನಗೆ ಕಿವಿಯೇ ಇಲ್ಲ ಅಂತ ಅರ್ಥ."

ಆ ಸೋರುವ ಸೂರಿನ ಕೆಳಗೆ ದಿನಾ ನಿಲ್ಲುವವನು ಅವನೇ. ಆದರೂ ಎದುರಾಡಲಿಲ್ಲ.

"ನನ್ನ ಕಿವಿ ಒಗ್ಗರಣೆ ಚಟಪಟಕ್ಕಷ್ಟೇ ಸರಿ ರಾಯರೇ. ತಮ್ಮ ಕಿವಿಯೇ ತೀರ್ಪು ಕೊಡಲಿ. ಮದುವೆಯಲ್ಲಿ ಹೆಣ್ಣು ಗಂಡಿನ ನಡುವೆ ಅಂತರಪಟ ಹಿಡಿಯೋದಿಲ್ಲವೆ? ಹಾಗೇ ಒಂದು ಬಟ್ಟೆ ಅಡ್ಡ ಇರಲಿ, ಯಾವುದು ಹೊಸದು ಅಂತ ತಾವು ಕೇಳಿಯೇ ಹೇಳಿ."

ರಾಯರು ಖುಷಿಯಾಗಿ ಒಪ್ಪಿದರು. ಅವನು ಸ್ಪೀಕರುಗಳ ಮುಂದೆ ಹಗ್ಗ ಕಟ್ಟಿ ರಾಯರ ಪಂಚೆಯನ್ನೇ ಇಳಿಬಿಟ್ಟು, ಹಿಂದೆ ಕೂತು ವೀಣೆಯ ರೆಕಾರ್ಡು ಹಾಕಿದ. ನಿಲ್ಲಿಸಿದ. ಏನೋ ಸರಿಸಿದಂತೆ ಸದ್ದು ಮಾಡಿ, ಅದನ್ನೇ ಮತ್ತೆ ಹಾಕಿದ.

"ಮೊದಲನೇದು ಡಬ್ಬ!" ರಾಯರು ತಲೆದೂಗಿದರು. "ಇದು ಹೊಸದು. ತಂತಿಗೆ ಉಗುರು ತಾಗೋದು ಕೂಡ ಕೇಳ್ತಿದೆ!"

ಅಡುಗೆಯವನು ಮೆಲ್ಲಗೆ ಪಂಚೆ ಸರಿಸಿದ. ಹೊಸ ಸ್ಪೀಕರಿನ ವೈರು ಇನ್ನೂ ಸುತ್ತಿದಂತೆಯೇ ಇತ್ತು. ಎರಡು ಸಲವೂ ಹಾಡಿದ್ದು ಹಳೆಯದೇ.

ವಿಶಾಲಾಕ್ಷಮ್ಮ ಸೆರಗು ಬಾಯಿಗಿಟ್ಟುಕೊಂಡರು. ರಾಯರು ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡರು. ಆಮೇಲೆ ಅಂಗಡಿಯವನತ್ತ ತಿರುಗಿ ಗಂಭೀರವಾಗಿ ಹೇಳಿದರು:

"ನಿನ್ನ ಸ್ಪೀಕರ್ ತಗೊಂಡು ಹೋಗಪ್ಪ. ಪಂಚೆ ಮಾತ್ರ ಅಲ್ಲೇ ಇರಲಿ. ನಾದ ಬಂದದ್ದೇ ಅದರಿಂದ."