ಹೆಬ್ಬಾತಿಗೆ ಹೆದರಿದ ರಾಜ

‘ಬುದ್ಧೀ, ಮನುಷ್ಯ ತಾನು ಮಾಡಿದ ಒಂದು ತಪ್ಪನ್ನು ಯಾರಿಗೂ ತಿಳಿಯದಂತೆ ಮುಚ್ಚಿಡುವುದು ಹೇಗೆ?’ ಎಂದು ಶಿಷ್ಯ ಮರುಳಯ್ಯ ಕೇಳಿದ.

ಗುರುಗಳು ಆಗಷ್ಟೇ ಊಟ ಮುಗಿಸಿ ಮಠದ ಜಗಲಿಯ ಮೇಲೆ ಕೂತಿದ್ದರು. ಮರುಳಯ್ಯ ಬೆಳಗಿನಿಂದ ಅಂಗಳವನ್ನು ಮೂರು ಸಲ ಗುಡಿಸಿದ್ದ, ಹೇಳದಿದ್ದರೂ ಎರಡು ಸಲ ಗುರುಗಳ ಕಾಲೊತ್ತಿದ್ದ. ಈಗ ಬೆರಳಿಗೆ ಸುತ್ತಿದ್ದ ಬಟ್ಟೆಯನ್ನು ಹೆಗಲ ಮೇಲಿನ ವಸ್ತ್ರದಲ್ಲಿ ಮರೆಮಾಡಿಕೊಂಡು ನಿಂತಿದ್ದ. ಗುರುಗಳು ಅವನನ್ನು ಒಮ್ಮೆ ನೋಡಿ, ‘ಕೂತುಕೋ,’ ಎಂದು ಕತೆ ಶುರುಮಾಡಿದರು.

ಕೊರಿಯಾ ಎಂಬ ದೇಶದಲ್ಲಿ ಒಬ್ಬ ರಾಜನಿದ್ದ. ಚಿಕ್ಕ ವಯಸ್ಸಿನಲ್ಲೇ ಹುಲಿಯ ಕಿವಿ ಹಿಡಿದು ಕೆಡವಿದವನೆಂದು ಅವನ ಮೇಲೆ ಊರೂರಲ್ಲೂ ಹಾಡು. ಆ ಹುಲಿಯನ್ನು ಕಂಡವರು ಯಾರೂ ಇರಲಿಲ್ಲ, ಅದು ಬೇರೆ ಮಾತು. ಆ ದೇಶದಲ್ಲಿ ಒಂದು ಕಟ್ಟಳೆಯಿತ್ತು. ರಾಜನ ಬೆನ್ನ ಹಿಂದೆ ಸದಾ ಒಬ್ಬ ಲಿಪಿಕಾರ ಇರಬೇಕು. ರಾಜ ಮಾಡಿದ್ದನ್ನು ಕಣ್ಣಾರೆ ಕಂಡು, ಆಡಿದ್ದನ್ನು ಕಿವಿಯಾರೆ ಕೇಳಿ, ಇದ್ದದ್ದು ಇದ್ದಂತೆ ಬರೆಯಬೇಕು. ಬರೆದದ್ದನ್ನು ರಾಜನೂ ಓದುವಂತಿಲ್ಲ. ಅವನು ಸತ್ತ ಮೇಲೆ ಅದೇ ಅವನ ಚರಿತ್ರೆ.

ಒಂದು ದಿನ ರಾಜ ಕಾವಲಿನವರನ್ನು ದೂರ ನಿಲ್ಲಿಸಿ ಕೆರೆಯ ಏರಿಯ ಮೇಲೆ ತಿರುಗಾಡಲು ಹೋದ. ಜೊತೆಗೆ ಲಿಪಿಕಾರ ಒಬ್ಬನೇ. ಕಾವು ಕೂತಿದ್ದ ಹೆಬ್ಬಾತೊಂದರ ಹತ್ತಿರ ರಾಜ ಕಾಲಿಟ್ಟುಬಿಟ್ಟ. ಅದಕ್ಕೆ ರಾಜನಾದರೇನು, ದನ ಕಾಯುವವನಾದರೇನು? ಕತ್ತು ಚಾಚಿ ಬುಸುಗುಡುತ್ತಾ ಬಂದೇಬಿಟ್ಟಿತು. ಹುಲಿ ಕೆಡವಿದ ಮಹಾಶೂರ ಎದ್ದೆನೋ ಬಿದ್ದೆನೋ ಎಂದು ಓಡಿ ಎದುರಿಗಿದ್ದ ಮರ ಹತ್ತಿದ. ಅವನ ಟೋಪಿ ಕೆಳಗೆ ಬಿತ್ತು. ಹೆಬ್ಬಾತು ಅದನ್ನು ನಾಲ್ಕು ಸಲ ಕುಕ್ಕಿ, ತೃಪ್ತಿಯಿಂದ ಗೂಡಿಗೆ ಹೋಯಿತು.

ರಾಜ ಮೆಲ್ಲಗೆ ಇಳಿದ. ನೋಡಿದರೆ ಮರದ ಆಚೆ ಬದಿಯಲ್ಲಿ ಲಿಪಿಕಾರ ನಿಂತಿದ್ದಾನೆ! ಅವನ ಜುಟ್ಟಿನಲ್ಲಿ ಎರಡು ಎಲೆ ಸಿಕ್ಕಿಕೊಂಡಿದ್ದವು. ಅದನ್ನು ಗಮನಿಸುವ ಸ್ಥಿತಿಯಲ್ಲಿ ರಾಜ ಇರಲಿಲ್ಲ. ‘ನಾನು ಹೆಬ್ಬಾತಿಗೆ ಹೆದರಿ ಮರ ಹತ್ತಿದೆನೆಂದು ದಯವಿಟ್ಟು ಬರೆಯಬೇಡವಯ್ಯಾ,’ ಎಂದ. ಲಿಪಿಕಾರ ಕುಂಚವನ್ನು ಮಸಿಯಲ್ಲಿ ಅದ್ದಿ ಏನೋ ಬರೆದುಕೊಂಡ.

ಅಲ್ಲಿಂದ ಶುರುವಾಯಿತು ನೋಡು ರಾಜನ ಪಡಿಪಾಟಲು. ಮಕ್ಕಳು, ಮೊಮ್ಮಕ್ಕಳು, ಅವರ ಮಕ್ಕಳು ಪುಸ್ತಕ ತೆರೆದು ಬಿದ್ದು ಬಿದ್ದು ನಗುವುದೇ ಅವನ ಕಣ್ಣಿಗೆ ಕಟ್ಟುತ್ತಿತ್ತು. ಲಿಪಿಕಾರನಿಗೆ ರೇಷ್ಮೆ ಕಳಿಸಿದ. ವಾಪಸ್ಸು ಬಂತು. ಗಡೀಪಾರು ಮಾಡುತ್ತೇನೆಂದು ಗುಡುಗಿದ. ಅವನು ಗುಡುಗನ್ನೂ ಬರೆದುಕೊಂಡ. ಸಿಟ್ಟಿನಲ್ಲಿ ರಾಜ, ಇನ್ನು ಮುಂದೆ ಊರಿನಲ್ಲಿ ಯಾರೂ ಹೆಬ್ಬಾತು ಸಾಕಕೂಡದೆಂದು ಡಂಗುರ ಹೊಡೆಸಿದ. ಹೆಬ್ಬಾತುಗಳು ಮಾಡಿದ ತಪ್ಪೇನೆಂದು ಜನ ಒಬ್ಬರನ್ನೊಬ್ಬರು ಕೇಳತೊಡಗಿದರು. ಕೊನೆಗೆ, ಒಳ್ಳೆಯ ಕೆಲಸಗಳ ಅಡಿಯಲ್ಲಾದರೂ ಆ ಒಂದು ಪುಟ ಹೂತುಹೋಗಲಿ ಎಂದು ಹೊಳೆಗೆ ಸೇತುವೆ ಕಟ್ಟಿಸಿದ, ಬಡವರಿಗೆ ಅಕ್ಕಿ ಹಂಚಿದ, ಸೆರೆಯಲ್ಲಿದ್ದವರನ್ನು ಬಿಡಿಸಿದ. ಒಳ್ಳೆಯ ರಾಜನೆಂದು ಹೆಸರೂ ಬಂತು. ಆದರೂ ಎದೆಯೊಳಗಿನ ಹೆಬ್ಬಾತು ಸುಮ್ಮನಾಗಲಿಲ್ಲ. ಒಂದೊಂದು ಕೆಲಸ ಮುಗಿದಾಗಲೂ ಹಿಂದೆ ತಿರುಗಿ, ಈಗಲಾದರೂ ಆ ಹೆಬ್ಬಾತನ್ನು ಅಳಿಸುತ್ತೀಯಾ ಎಂದು ಕೇಳುತ್ತಿದ್ದ. ಲಿಪಿಕಾರ ಅದನ್ನೂ ಬರೆದುಕೊಳ್ಳುತ್ತಿದ್ದ.

ಹೀಗೇ ಮೂವತ್ತು ವರ್ಷ ಕಳೆಯಿತು. ರಾಜ ಹಾಸಿಗೆ ಹಿಡಿದ. ಅಷ್ಟರಲ್ಲಿ ಹಣ್ಣು ಹಣ್ಣು ಮುದುಕನಾಗಿದ್ದ ಲಿಪಿಕಾರನ ಕೈ ಹಿಡಿದು ಬೇಡಿಕೊಂಡ.

‘ಸಾಯುವವನಿಗಾದರೂ ಹೇಳಪ್ಪಾ. ಅವತ್ತು ಕೆರೆ ಏರಿಯ ಮೇಲೆ ನೀನು ಕಂಡದ್ದನ್ನು ಹೇಗೆ ಬರೆದೆ?’

ಲಿಪಿಕಾರ ನಾಚಿ ತಲೆ ತಗ್ಗಿಸಿದ. ‘ನಾನೇನೂ ಕಾಣಲಿಲ್ಲ ಪ್ರಭೂ. ಆ ಹಾಳು ಹಕ್ಕಿ ಬುಸುಗುಟ್ಟಿದ್ದೇ ತಡ, ನಿಮಗಿಂತ ಮೊದಲು ನಾನೇ ಮರ ಹತ್ತಿದ್ದೆ. ಮೇಲಿನ ಕೊಂಬೆಯನ್ನು ತಬ್ಬಿಕೊಂಡು ಕಣ್ಣು ಮುಚ್ಚಿದ್ದೆ. ನೀವೂ ಹತ್ತಿದ್ದಿರಿ ಎಂಬುದು, ಆಚೆ ಬದಿಯಿಂದ ಕೆಳಗಿಳಿದ ಮೇಲೆ ನೀವೇ ಹೇಳಿದಾಗ ಗೊತ್ತಾಯಿತು. ಕಾಣದ್ದನ್ನು ನಾನು ಬರೆಯುವಂತಿಲ್ಲ, ಕೇಳಿದ್ದನ್ನು ಬಿಡುವಂತಿಲ್ಲ. ಆಮೇಲೆ ನೀವು ಅದನ್ನೇ ನೂರಾರು ಸಲ ಹೇಳಿದಿರಿ.’

ರಾಜ ಹೊಟ್ಟೆ ಹಿಡಿದುಕೊಂಡು ನಕ್ಕ. ಮೂವತ್ತು ವರ್ಷದಲ್ಲಿ ಅವನು ಹಾಗೆ ನಕ್ಕದ್ದು ಅದೇ ಮೊದಲು. ಲಿಪಿಕಾರ ಅದನ್ನೂ ಬರೆದುಕೊಂಡ.

ಗುರುಗಳು ಕತೆ ನಿಲ್ಲಿಸಿ ಒಂದು ಚೂರು ಅಡಿಕೆ ಬಾಯಿಗೆ ಹಾಕಿಕೊಂಡರು. ಮರುಳಯ್ಯನಿಗೂ ನಗು ತಡೆಯಲಾಗಲಿಲ್ಲ. ಕಣ್ಣೊರೆಸಿಕೊಂಡು, ‘ಚೆನ್ನಾಗಿದೆ ಬುದ್ಧೀ, ಆದರೆ ನನ್ನ ಪ್ರಶ್ನೆ ಹಾಗೇ ಉಳಿಯಿತಲ್ಲ?’ ಎಂದ.

‘ನೀನು ಕೇಳುವವರೆಗೆ ನಿನ್ನ ಬೆರಳಿನ ಬಟ್ಟೆಯನ್ನು ನಾನು ನೋಡಿಯೇ ಇರಲಿಲ್ಲ ಮರುಳಯ್ಯ, ಈಗ ಹೇಳು, ಏನು ಒಡೆದುಹಾಕಿದೆ?’